ನಾಲ್ಕು ಜನ, ಮೂರು ಮನೆ

ಅರ್ಥವಾಗದ ಮಾತಿಗೆ ‘ಹ್ಞೂಂ’ ಅನ್ನೋದರಲ್ಲಿ ನಾನು ನಿಸ್ಸೀಮ. ಈ ವಿದ್ಯೆ ಒಲಿದದ್ದು ತಮ್ಮ ರಘುವಿನಿಂದ. ಅವನು ಕಾಲೇಜಿನಲ್ಲಿ ಗಣಿತದ ಮೇಷ್ಟ್ರು.

ಸಿದ್ದಾಪುರದ ಬಾಡಿಗೆ ಮನೆ ಖಾಲಿ ಮಾಡಿ ಅಂತ ಓನರ್ ಹೇಳಿದಾಗ ನಾವು ನಾಲ್ವರು ಅಣ್ಣತಮ್ಮಂದಿರು ಹೆಂಡತಿ ಮಕ್ಕಳ ಸಮೇತ ಅಲ್ಲೇ ಒಟ್ಟಿಗಿದ್ದೆವು. ಆಗಷ್ಟೇ ಏಳುತ್ತಿದ್ದ ಜಯನಗರದಲ್ಲಿ ಸಿಕ್ಕಿದ್ದು ಮೂರು ಪುಟ್ಟ ಮನೆ, ಮೂರೂ ಒಂದೇ ಥರದವು. ಯಾರಾದರೂ ಇಬ್ಬರು ಒಂದೇ ಮನೆಯಲ್ಲಿರಬೇಕು, ಉಳಿದಿಬ್ಬರು ಬೇರೆ ಬೇರೆ. ನನಗೆ ರಘುವಿನ ಜೊತೆ ಇರುವ ಆಸೆ. ಆದರೆ ಎಲ್ಲರಿಗಿಂತ ಕಿರಿಯವನಾದ ರಘು ತನ್ನ ಹತ್ತಿರವೇ ಇರಲಿ ಎಂದು ದೊಡ್ಡಣ್ಣ ಆಗಲೇ ಅಂದಿದ್ದ. ಬಾಯಿಬಿಟ್ಟು ಹೇಳಲು ನನಗೆ ಸಂಕೋಚ.

ರಘುವಿಗೆ ಈ ಚಿಂತೆಯೇ ಇದ್ದಂತಿರಲಿಲ್ಲ. “ನಾಲ್ಕು ಜನ, ಮೂರು ಮನೆ. ಆರು ವಿಧ ಕಣಣ್ಣ! ಇದಕ್ಕೆ ಸ್ಟರ್ಲಿಂಗ್ ಸಂಖ್ಯೆ ಅಂತಾರೆ,” ಅಂದ. ಆರನ್ನು ಒಂದು ಸಲ ಅರ್ಧ ಮಾಡಿದರೆ ಮೂರು, ಆಮೇಲೆ ಸರಿಪಾಲು ಆಗಲ್ಲ. ಹೀಗೆ ಬರುವ ವಿಧಗಳ ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದು ಅಂತ ಮೊದಲೇ ಹೇಳುವ ಸೂತ್ರ ಅವನಿಗೆ ಹೊಳೆದಿತ್ತಂತೆ. ಜನ ಎರಡು, ನಾಲ್ಕು, ಎಂಟು, ಹೀಗೆ ದುಪ್ಪಟ್ಟಾಗುತ್ತ ಹೋಗಬೇಕು. ಮನೆಗಳ ಸಂಖ್ಯೆಯನ್ನೂ ಒಂದು, ಎರಡು, ನಾಲ್ಕು ಎಂಬ ಅಂಥದೇ ತುಂಡುಗಳಾಗಿ ಒಡೆಯಬೇಕು, ಯಾವ ತುಂಡೂ ಎರಡನೇ ಸಲ ಬರಬಾರದು. ಮೂರು ಅಂದರೆ ಎರಡು ಮತ್ತು ಒಂದು, ಒಟ್ಟು ಎರಡು ತುಂಡು. ಅದರಲ್ಲಿ ಒಂದು ಕಳೆದರೆ ಒಂದು. ಅಂದರೆ ಒಂದೇ ಸಲ ಅರ್ಧ. “ನೋಡಿದ್ಯಾ?” ಅಂದ. ನೋಡಿದೆ. ಏನನ್ನು ಅಂತ ಗೊತ್ತಾಗಲಿಲ್ಲ.

“ಇದು ಯಾಕೆ ಹೀಗೋ?” ಅಂತ ಕೇಳಿದೆ.

“ಅದೇ ಗೊತ್ತಿಲ್ಲ. ಬರೀ ಊಹೆ. ಎಲ್ಲಿ ನೋಡಿದ್ರೂ ಸರಿಹೋಗ್ತಿದೆ.”

ಅಯ್ಯೋ, ಮೇಷ್ಟ್ರಿಗೇ ಗೊತ್ತಿಲ್ಲದ್ದು ನನಗೆ ಅರ್ಥವಾಗಬೇಕಂತೆ! ನನ್ನ ತಲೆಗೆ ಹೋದದ್ದು ಒಂದೇ: ಆ ಆರರಲ್ಲಿ ನಾವಿಬ್ಬರೂ ಜೊತೆಗಿರುವುದು ಒಂದೇ ಒಂದು ವಿಧ.

ಭಾನುವಾರ ಊಟಕ್ಕೆ ಕೂತಾಗ ದೊಡ್ಡಣ್ಣ ಕೇಳಿಯೇಬಿಟ್ಟ. “ರಘು, ನಮ್ಮನೇಲಿ ಇರ್ತೀಯ ತಾನೇ?”

ರಘು ತಲೆಯೆತ್ತದೆ ಅನ್ನಕ್ಕೆ ಸಾರು ಕಲಸುತ್ತ, “ಇಲ್ಲಣ್ಣ, ಚಿಕ್ಕಣ್ಣನ ಜೊತೆ ಇರ್ತೀನಿ,” ಅಂದ. ಚಿಕ್ಕಣ್ಣ ಅಂದರೆ ನಾನು. “ನೀವೆಲ್ಲ ನಾನು ಬಾಯಿ ತೆರೆದ್ರೆ ಎದ್ದು ಹೋಗ್ತೀರ. ಇವನಿಗೆ ಒಂದಕ್ಷರ ಅರ್ಥ ಆಗಲ್ಲ, ಆದ್ರೂ ಕೂತು ಕೇಳ್ತಾನೆ.”

ಅಂದರೆ ಇಷ್ಟು ದಿನವೂ ಅವನಿಗೆ ಗೊತ್ತಿತ್ತು! ನಗಬೇಕೋ ಅಳಬೇಕೋ ತಿಳಿಯದೆ ಮಜ್ಜಿಗೆಗೆ ಕೈಯೊಡ್ಡಿದೆ.

ಈಗ ಜಯನಗರದ ಮನೆಯಲ್ಲಿ ಬೆಳಗಿನ ಕಾಫಿಗೆ ಎದುರು ಕೂತು, “ಎಂಟು ಜನ, ಏಳು ಮನೆ ಅಂತ ಇಟ್ಕೋ...” ಎಂದು ಶುರು ಮಾಡುತ್ತಾನೆ. ಅವನ ಊಹೆ ನಿಜವೋ ಸುಳ್ಳೋ ದೇವರೇ ಬಲ್ಲ. ನಾನು ಕುರ್ಚಿ ಹತ್ತಿರಕ್ಕೆಳೆದುಕೊಂಡು ‘ಹ್ಞೂಂ’ ಅನ್ನುತ್ತೇನೆ.