ರಾಹುಕಾಲದಲ್ಲಿ ಸಿಕ್ಕಿಬಿದ್ದ ಸರ್ವರ್

ನಾನಿರುವುದು ಅಮೆರಿಕದ ನಾರ್ತ್‌ರಿಜ್‌ನಲ್ಲಿ, ಮಗಳ ಮನೆಯಲ್ಲಿ. ಓದಿದ್ದು ಮೂರನೇ ಇಯತ್ತೆ. ಅಕ್ಷರ ಕೂಡಿಸಿ ಬರೆಯುತ್ತೇನೆ, ಅಷ್ಟೇ.

ಕೋವಿಡ್ ಇಳಿದ ಮೇಲೆ ಇಲ್ಲಿನ ಕನ್ನಡದವರು ಹಬ್ಬದ ಊಟ ಮತ್ತೆ ಶುರು ಮಾಡಿದರು. ಹಾಲ್ ಚಿಕ್ಕದು, ಕೂಪನ್ ಇಲ್ಲದವರಿಗೆ ಎಲೆ ಇಲ್ಲ. ಕೂಪನ್ ಹಂಚಲು ಮಗಳು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಸೈಟ್ ಬರೆದಳು. ದೀಪಾವಳಿಗೆ ಅದು ತೆರೆದ ಹತ್ತು ನಿಮಿಷಕ್ಕೇ ಮಲಗಿತು. ಯುಗಾದಿಗೂ ಮಲಗಿದರೆ ರೆಡೊಂಡೊ ಬೀಚ್‌ನ ಅಂಕಲ್ ಒಬ್ಬರು ಮೊದಲಿನಂತೆ ನೋಟ್‌ಬುಕ್ಕಿನಲ್ಲಿ ಹೆಸರು ಬರೆದುಕೊಳ್ಳುವುದೆಂದು ತೀರ್ಮಾನವಾಯಿತು. ಅವರ ಮೊದಲ ಪುಟದ ತುಂಬ ಅವರ ಬೀಗರೇ ಇರುತ್ತಿದ್ದರು. ಮಗಳಿಗೆ ಮಾನದ ಪ್ರಶ್ನೆಯಾಯಿತು.

ಸೈಟ್ ನಡೆಸುವ ಸರ್ವರ್‌ನಲ್ಲಿ ಬಂದವರನ್ನು ವಿಚಾರಿಸುವ ಆಳುಗಳಿರುತ್ತವಂತೆ, ವರ್ಕರ್ ಅನ್ನುತ್ತಾರೆ. ಮಗಳು ನಾಲ್ಕಿದ್ದದ್ದನ್ನು ನಲವತ್ತು ಮಾಡಿದಳು. ಮೆಮೊರಿ ಸಾಲದೆ ಅದು ಇನ್ನೂ ಬೇಗ ಸತ್ತಿತು. ಎಂಟಕ್ಕೆ ಇಳಿಸಿದಳು. ಒಂದು ಶನಿವಾರ ಬೆಳಿಗ್ಗೆ ಪಾರ್ಕಿಗೆ ನನ್ನಂಥ ಹದಿನೆಂಟು ಮುದುಕಿಯರನ್ನು ಕರೆಸಿ, ಮೊಬೈಲ್‌ನಲ್ಲಿ ಸೈಟ್ ತೆರೆಸಿ, ಹೇಳಿದಾಗ ಎಲ್ಲರೂ ಒಟ್ಟಿಗೆ ಕೂಪನ್ ಗುಂಡಿ ಒತ್ತಬೇಕೆಂದಳು.

"ಒಂದು, ಎರಡು, ಮೂರು!"

ಯಾರೂ ಒತ್ತಲಿಲ್ಲ.

"ಯಾಕ್ರೀ ಆಂಟಿ?"

"ರಾಹುಕಾಲ ಐತಲ್ಲವಾ ಇನ್ನೂ," ಎಂದಳು ಧಾರವಾಡದವಳು.

"ಇಂಡಿಯಾದಲ್ಲಿ ಆಗ್ಲೇ ಮುಗ್ದೋಯ್ತಲ್ರೀ," ಎಂದಳು ಬೆಂಗಳೂರಿನವಳು.

"ಹಂಗಾರ ಇಂಡಿಯಾಕ್ಕ ಹೋಗಿ ಒತ್ರಿ."

"ಅಯ್ಯೋ ಆಂಟಿ, ಇದು ಬರೀ ಟೆಸ್ಟು!"

"ಟೆಸ್ಟ್ ಪಾಸಾಗೂದು ಬ್ಯಾಡೇನ?"

ಹತ್ತೂವರೆಯವರೆಗೆ ಎಲ್ಲರೂ ಸೈಟ್ ತೆರೆದು ಮುಚ್ಚಿ, ಮತ್ತೆ ತೆರೆದು, ಮಂಡಿನೋವಿನ ಮಾತಿಗೆ ಕೂತರು. ಅಷ್ಟರಲ್ಲಿ ಮಗಳ ಫೋನಿನಲ್ಲಿ ಸೈಟ್ ತೆರೆಯಲೇ ಇಲ್ಲ. ಯಾರೂ ಗುಂಡಿ ಒತ್ತದೆಯೇ ಸರ್ವರ್ ತುಂಬಿ ಹೋಗಿತ್ತು! ಲ್ಯಾಪ್‌ಟಾಪ್ ನೋಡುತ್ತಾ ಅವಳು ಹಣೆ ಬಡಿದುಕೊಂಡಳು. ಪುಟ ಕೊಟ್ಟಾದ ಮೇಲೂ ಒಂದೊಂದು ಆಳು, ಇವರು ಇನ್ನೇನು ಕೇಳುತ್ತಾರೋ ಎಂದು ಐದು ನಿಮಿಷ ಕಾಯುತ್ತಿತ್ತಂತೆ. ಮತ್ತೆ ಕೇಳಿದರೆ ಬೇಗ ಕೊಡಲಿ ಎಂದು ಹಾಗೆ ಬರೆದವಳು ಅವಳೇ.

"ಉಂಡವರು ಎಲಿ ಮುಂದ ಹರಟಿ ಹೊಡದರ ಎರಡನೇ ಪಂಕ್ತಿ ನಿಂತ ಇರತೈತಿ. ಎಬ್ಬಸು," ಎಂದೆ.

"ಸುಮ್ನಿರವ್ವಾ," ಎಂದಳು. ಆದರೂ ಐದು ನಿಮಿಷವನ್ನು ಎರಡು ಸೆಕೆಂಡ್ ಮಾಡಿದಳು. ರಾಹುಕಾಲ ಮುಗಿದದ್ದೇ ಹದಿನೆಂಟೂ ಬೆರಳು ಒತ್ತಿದವು, ಎಲ್ಲರಿಗೂ ಕೂಪನ್ ಬಂತು. ಅದು ಸುಳ್ಳು ಕೂಪನ್ ಎಂದು ಧಾರವಾಡದವಳನ್ನು ನಂಬಿಸಲು ಅರ್ಧ ಗಂಟೆ ಹಿಡಿಯಿತು.

ನಿಜವಾದ ಬುಕಿಂಗ್ ದಿನ ಸ್ಯಾನ್ ಡಿಯಾಗೋದವರೂ ಮುಗಿಬಿದ್ದರು. ಸೈಟ್ ಅಲ್ಲಾಡಲಿಲ್ಲ. ಆರು ನಿಮಿಷಕ್ಕೆ ಎಲ್ಲ ಎಲೆ ಖಾಲಿ. ಮಗಳು ಸರ್ವರ್ ಕಾಯುತ್ತಾ ಕುಣಿಯುತ್ತಿದ್ದಳು.

"ನಮ್ಮದು ತಗೊಂಡಿ?" ಎಂದೆ.

ಕುಣಿತ ನಿಂತಿತು.

ಅಂಕಲ್ ಫೋನ್ ಮಾಡಿದರು. "ಸೈಟ್ ಚೆನ್ನಾಗಿತ್ತಮ್ಮ. ನಿಮ್ಮಿಬ್ರಿಗೆ ಸಿಗ್ಲಿಲ್ವಂತೆ? ನಾನು ಹಾಗೇ ನೋಟ್‌ಬುಕ್ಕಲ್ಲಿ ಹೆಸರು ಬರ್ಕೊಳ್ಲಾ?"

ಮಗಳು ನನ್ನ ಮುಖ ನೋಡಿದಳು. ನನಗೆ ಹೋಳಿಗೆಯ ಆಸೆ ಇತ್ತು, ಸುಳ್ಳೇಕೆ ಹೇಳಲಿ.

"ಬೇಡ ಅಂಕಲ್," ಎಂದು ಫೋನ್ ಇಟ್ಟಳು.

ಯುಗಾದಿ ದಿನ ಮಗಳು ಉಪ್ಪಿಟ್ಟು ಮಾಡಿದಳು. ಉಪ್ಪು ಕಡಿಮೆಯಿತ್ತು.