ಉದ್ಘಾಟನೆಗೆ ಮುಂಚೆ ಓಡಿದ ನೂರು ಮೀಟರ್

ಷಿಕಾಗೋ ಪಕ್ಕದ ಡೌನರ್ಸ್ ಗ್ರೋವ್‌ನಿಂದ ನಾವು ಹೊರಟದ್ದು ಶುಕ್ರವಾರ ಮಧ್ಯಾಹ್ನ. ನಾವು ಅಂದರೆ ನಾನು ಮತ್ತು ನನ್ನ ತಂಗಿ ವಸುಧಾ. ಅವಳು ಅಲ್ಲಿ ಡಾಕ್ಟರು. ನಾನು ಮೈಸೂರಿನ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರಾಗಿದ್ದು ನಿವೃತ್ತಳಾದವಳು, ಬೇಸಿಗೆ ಕಳೆಯಲು ಅವಳ ಮನೆಗೆ ಬಂದಿದ್ದೆ. ಡೆಟ್ರಾಯಿಟ್ ಕಡೆಯ ಕನ್ನಡಿಗರು ಒಂದು ಕ್ರೀಡಾಕೂಟ ಇಟ್ಟುಕೊಂಡಿದ್ದರು. ಅದು ಶುರುವಾಗಿ ಇನ್ನೂ ಎರಡನೆಯ ವರ್ಷ, ಆಗಲೇ ಹೆಸರಿಗೆ ‘ಅಂತರರಾಷ್ಟ್ರೀಯ’ ಸೇರಿಕೊಂಡಿತ್ತು. ನದಿಯ ಆಚೆಗಿರುವ ವಿಂಡ್ಸರ್ ಊರು ಕೆನಡಾಕ್ಕೆ ಸೇರಿದ್ದು, ಅಲ್ಲಿಂದ ಎರಡು ವ್ಯಾನು ಜನ ಬರುತ್ತಾರೆ ಎಂಬುದೇ ಅದಕ್ಕೆ ಕಾರಣ. ಓಟದ ಗೆರೆಯ ಬಳಿ ನಿಂತು ತೀರ್ಪು ಕೊಡಲು ಗೊತ್ತಿರುವವರು ಬೇಕೆಂದಾಗ ವಸುಧಾ ನನ್ನನ್ನು ಒಂದು ಮಾತೂ ಕೇಳದೆ ನನ್ನ ಹೆಸರು ಕೊಟ್ಟಿದ್ದಳು.

ದಾರಿ ಇನ್ನೂರ ಎಂಬತ್ತು ಮೈಲಿ. ಮಿಶಿಗನ್ ಸರೋವರದ ದಕ್ಷಿಣ ತುದಿ ಬಳಸಿಕೊಂಡು ಇಂಡಿಯಾನಾ ದಾಟಿ ಮಿಶಿಗನ್ ರಾಜ್ಯ ಸೇರಿದೆವು. ಕಲಮಝೂ ಹತ್ತಿರದ ವಿಶ್ರಾಂತಿ ತಾಣದಲ್ಲಿ ಬೆಂಚಿನ ಮೇಲೆ ಕೂತು ಪುಳಿಯೋಗರೆ ತಿಂದೆವು. ಮಿಶಿಗನ್ನಿಗೆ ಕಾಲಿಟ್ಟ ಕೂಡಲೇ ಗಡಿಯಾರ ಒಂದು ಗಂಟೆ ಮುಂದಕ್ಕೆ ಓಡುತ್ತದೆ, ಹಾಗಾಗಿ ಡೆಟ್ರಾಯಿಟ್ ಪಕ್ಕದ ವಾರೆನ್ ತಲುಪುವಾಗ ಊಟದ ಹೊತ್ತು ಮೀರಿತ್ತು. ಡೆಟ್ರಾಯಿಟ್ ಸಮೀಪಿಸಿದಂತೆ ರಸ್ತೆಯ ಇಕ್ಕೆಲದಲ್ಲಿ ಮುಚ್ಚಿದ ಕಾರಿನ ಷೋರೂಮುಗಳು, ಹುಲ್ಲು ಬೆಳೆದ ಪಾರ್ಕಿಂಗ್ ಜಾಗಗಳು ಕಾಣತೊಡಗಿದವು. ಟಿ.ವಿ.ಯಲ್ಲಿ ರಿಸೆಷನ್ ರಿಸೆಷನ್ ಎಂದು ಕೇಳಿ ಸಾಕಾಗಿತ್ತು. ಅದು ಹೇಗಿರುತ್ತದೆ ಎಂದು ನಾನು ಕಣ್ಣಾರೆ ಕಂಡದ್ದು ಅಲ್ಲಿ.

ನಾವು ಇಳಿದುಕೊಂಡದ್ದು ವಸುಧಾಳ ಗೆಳತಿ ಗಿರಿಜಾಳ ಮನೆಯಲ್ಲಿ. ಧಾರವಾಡದ ಕಡೆಯವರು. ಗಿರಿಜಾ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅವಳ ಗಂಡ ಸದಾನಂದ ಕಾರಿನ ಬಿಡಿಭಾಗ ತಯಾರಿಸುವ ಕಂಪನಿಯೊಂದರಲ್ಲಿ ಎಂಜಿನಿಯರಾಗಿದ್ದವನು, ಎಂಟು ತಿಂಗಳ ಹಿಂದೆ ಕೆಲಸ ಕಳೆದುಕೊಂಡಿದ್ದ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸುತ್ತ ಗಿರಿಜಾ, “ಕೆಲಸ ಹುಡುಕ್ರಿ ಅಂದ್ರ ಇವರು ಮುಂಜಾನೆ ಎದ್ದು ಮೈದಾನ ಹುಡುಕ್ಕೊಂಡು ಹೋಗ್ತಾರ್ರಿ ಅಕ್ಕಾರ,” ಎಂದಳು. ಕಾಲೇಜಿನಲ್ಲಿ ಅವನು ಓಟಗಾರನಾಗಿದ್ದನಂತೆ. ಅವಳು ಒಳಗೆ ಹೋದ ಮೇಲೆ ಸದಾನಂದ ತಟ್ಟೆ ನೋಡುತ್ತಲೇ ಹೇಳಿದ: “ಎಲ್ಲಿ ಅಪ್ಲೈ ಮಾಡಿದ್ರೂ ಯಾರೂ ಹೂಂ ಅನ್ನವಲ್ರು. ನಾಳೆ ಒಂದರಾಗರ ಫಸ್ಟ್ ಬರಬೇಕ್ರಿ.” ಕೆಲಸ ಹೋದ ಮೇಲೆ ಕನ್ನಡ ಕೂಟದವರು ಮನೆಗೆ ಕರೆಯುವುದನ್ನೂ ಕಡಿಮೆ ಮಾಡಿದ್ದಾರೆ ಎಂಬುದನ್ನು ವಸುಧಾ ಆಮೇಲೆ ಹೇಳಿದಳು.

ಶನಿವಾರ ಗಿರಿಜಾಳಿಗೆ ಡ್ಯೂಟಿ ಇತ್ತು. ಸದಾನಂದ, ಅವನ ಒಂಬತ್ತು ವರ್ಷದ ಮಗಳು ಅನು, ನಾವಿಬ್ಬರು ಫಾರ್ಮಿಂಗ್ಟನ್ ಹಿಲ್ಸ್‌ನ ಶಾಲಾ ಮೈದಾನಕ್ಕೆ ಹೋದೆವು. ಒಳ್ಳೆಯ ಟ್ರ್ಯಾಕು. ನಮ್ಮ ಶಾಲೆಯ ಮಕ್ಕಳಿಗೆ ಇಂಥದ್ದರಲ್ಲಿ ಕಾಲು ಭಾಗ ಸಿಕ್ಕಿದ್ದರೆ ಎಂದು ಹೊಟ್ಟೆ ಉರಿಯಿತು. ಒಂಬತ್ತಕ್ಕೆ ಉದ್ಘಾಟನೆ, ಹತ್ತಕ್ಕೆ ಗಂಡಸರ ನೂರು ಮೀಟರ್ ಎಂದು ಹೇಳಿದ್ದರು. ಹತ್ತಾದರೂ ಮುಖ್ಯ ಅತಿಥಿಗಳ ಸುಳಿವಿಲ್ಲ. ಆ ಮನುಷ್ಯ ಮೂರು ಕಂಪನಿಗಳ ಮಾಲೀಕ, ಕನ್ನಡಿಗ. ಕೆಲಸ ಹೋದವರು, ಹೋಗುವ ಭಯದಲ್ಲಿದ್ದವರು ಎಲ್ಲರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗೇಟಿನ ಕಡೆಗೇ ಕತ್ತು ತಿರುಗಿಸಿಕೊಂಡಿದ್ದರು. ಬಿಸಿಲು ಫ್ಯಾರನ್‌ಹೀಟ್ ಲೆಕ್ಕದಲ್ಲಿ ಎಂಬತ್ತಾರು ಡಿಗ್ರಿ ಮುಟ್ಟಿತ್ತು. ಓಡುವವರು ಮೈ ಬಿಸಿ ಮಾಡಿಕೊಂಡು ಮತ್ತೆ ತಣ್ಣಗಾಗಿ ಕೂತಿದ್ದರು. ನನಗೆ ತಡೆಯಲಾಗಲಿಲ್ಲ. ಕೂಟದ ಅಧ್ಯಕ್ಷ ಮಂಜುನಾಥರ ಬಳಿ ಹೋಗಿ, ಓಟ ಈಗಲೇ ಶುರು ಮಾಡದಿದ್ದರೆ ನಾನು ಮನೆಗೆ ಹೋಗುತ್ತೇನೆ ಎಂದೆ. ಅವರು ಒಪ್ಪಿದರು.

ಎಂಟು ಜನ ನಿಂತರು. ಕೊನೆಯ ಗೆರೆಯ ಮೇಲೆ ನಾನಿದ್ದೆ, ಟೇಪಿನ ತುದಿ ವಸುಧಾಳ ಕೈಲಿತ್ತು. ಅರ್ಧ ದಾರಿಯವರೆಗೆ ವಿಂಡ್ಸರಿನಿಂದ ಬಂದಿದ್ದ ನಿಖಿಲ್ ಎಂಬ ಕಾಲೇಜು ಹುಡುಗ ಮುಂದಿದ್ದ. ಆಮೇಲೆ ಸದಾನಂದ ಬಂದ. ನಲವತ್ತೊಂದರ ಗಂಡಸು, ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ, ಆದರೆ ಮೊಣಕಾಲು ಎತ್ತುವ ರೀತಿಯಲ್ಲೇ ಕಲಿತವನು ಅಂತ ಗೊತ್ತಾಗುತ್ತಿತ್ತು. ಒಂದು ಗೇಣಿನ ಅಂತರದಲ್ಲಿ ಎದೆಗೆ ಟೇಪು ತಾಗಿಸಿಕೊಂಡ. ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮೊದಲು ಅವನ ಕೈ ಎತ್ತಿದೆ, ಆಮೇಲೆ ನಿಖಿಲನದು. ಹುಡುಗ ತಾನೇ ಬಂದು ಸದಾನಂದನನ್ನು ಅಪ್ಪಿಕೊಂಡ. ಅನು ಟ್ರ್ಯಾಕಿನ ತುಂಬ ಕುಣಿದಾಡಿದಳು. ಎಂಟು ತಿಂಗಳಿಂದ ಅವನನ್ನು ಮರೆತಿದ್ದವರೂ ಬಂದು ಬೆನ್ನು ತಟ್ಟಿದರು.

ಮುಖ್ಯ ಅತಿಥಿ ಬಂದದ್ದು ಹನ್ನೊಂದೂವರೆಗೆ. ದೀಪ ಹಚ್ಚಿದರು, ಗಾಳಿಗೆ ಆರಿತು, ಮತ್ತೆ ಹಚ್ಚಿದರು. ಶಾಲು, ಪೇಟ, ಭಾಷಣ ಎಲ್ಲ ಆಯಿತು. ಆಮೇಲೆ ಅವರು, ನೂರು ಮೀಟರ್ ನೋಡುವುದಕ್ಕೇ ಬಂದೆ, ಯಾವಾಗ ಎಂದು ಕೇಳಿದರು. ಆಗಿಹೋಯಿತು ಎಂದು ಹೇಳುವ ಬಾಯಿ ಆ ಕಮಿಟಿಯಲ್ಲಿ ಒಂದೂ ಇರಲಿಲ್ಲ. ಈಗ ಶುರು ಸರ್ ಎಂದುಬಿಟ್ಟರು.

ಮಂಜುನಾಥ್ ನನ್ನ ಹತ್ತಿರ ಓಡಿ ಬಂದರು. “ಮೇಡಂ, ಸುಮ್ನೆ ಫೋಟೋಗೋಸ್ಕರ ಇನ್ನೊಂದು ಸಲ ಓಡಿಸೋಣ. ರಿಸಲ್ಟ್ ಮೊದಲಿಂದೇ ಇರುತ್ತೆ.” ನಾನು ಆಗುವುದಿಲ್ಲ ಎಂದೆ. ವಸುಧಾ ನನ್ನ ಸೆರಗು ಎಳೆದಳು. ಅವರು ನೇರವಾಗಿ ಸದಾನಂದನ ಬಳಿಗೇ ಹೋದರು. ದಾಕ್ಷಿಣ್ಯದ ಮನುಷ್ಯ, ಒಪ್ಪಿಕೊಂಡ. “ಬಟ್ ಅಪ್ಪಾ, ಯು ಆಲ್ರೆಡಿ ವನ್,” ಎಂದಳು ಅನು. ಅಲ್ಲಿದ್ದ ಅಷ್ಟೂ ಜನರಲ್ಲಿ ಬುದ್ಧಿಯಿರುವ ಮಾತಾಡಿದ್ದು ಆ ಮಗು ಒಂದೇ.

ಎರಡನೆಯ ಸಲ ಸದಾನಂದ ಫೋಟೋಗೆ ಎಂದೇ ಓಡಿದ, ನಗುತ್ತ, ಕ್ಯಾಮೆರಾ ನೋಡುತ್ತ. ಇದು ಫೋಟೋಗೆ ಎಂದು ನಿಖಿಲನಿಗೆ ಯಾರೂ ಹೇಳಿರಲಿಲ್ಲ. ಅವನು ಜೀವ ಬಿಟ್ಟು ಓಡಿ ಮೊದಲು ಬಂದ. ಮುಖ್ಯ ಅತಿಥಿ ಎದ್ದು ಬಂದು ಅವನ ಕೈ ಕುಲುಕಿ, ಕೆನಡಾದವರು ಗೆದ್ದದ್ದರಿಂದ ಇದು ನಿಜವಾಗಿ ಅಂತರರಾಷ್ಟ್ರೀಯ ಎಂದು ಸಂತೋಷಪಟ್ಟರು. ಕಪ್ಪು ಎತ್ತಿ ಅವನ ಕೈಗಿಟ್ಟರು. ಜನ ಚಪ್ಪಾಳೆ ತಟ್ಟಿದರು. ಮೊದಲ ಸಲ ಸದಾನಂದನ ಬೆನ್ನು ತಟ್ಟಿದ ಕೈಗಳೇ ಅವು.

ನನಗೆ ಮೈಯೆಲ್ಲ ಉರಿದುಹೋಯಿತು. ಮಂಜುನಾಥರನ್ನು ಹಿಡಿದು ನಿಲ್ಲಿಸಿ ಕೇಳಿದೆ. ಅವರು ದನಿ ತಗ್ಗಿಸಿ, “ಅವರೇ ಕೊಟ್ಟುಬಿಟ್ರಲ್ಲ ಮೇಡಂ. ಈಗ ಹೋಗಿ ಅಲ್ಲ ಅಂದ್ರೆ ಅವರಿಗೆ ಅವಮಾನ ಆಗಲ್ವಾ? ಅಲ್ಲದೆ ಮೊದಲ ಓಟ ಉದ್ಘಾಟನೆಗೆ ಮುಂಚೆ ಆಗಿದ್ದು. ಲೆಕ್ಕಕ್ಕೆ ಬರಲ್ಲ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ,” ಎಂದರು. ದೀಪ ಹಚ್ಚದೆ ಓಡಿದರೆ ಅದು ಓಟವಲ್ಲ! ಇಷ್ಟು ವರ್ಷದಲ್ಲಿ ಈ ನಿಯಮ ನಾನು ಎಲ್ಲೂ ಕೇಳಿರಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಮೈಕು ಕೇಳಿದೆ, ಕೊಡಲಿಲ್ಲ. ನಾನೇ ವೇದಿಕೆ ಹತ್ತಲು ಹೊರಟಾಗ ಅಡ್ಡ ಬಂದವನು ಸದಾನಂದ.

ಬೇಡ ಎಂದು ಕೈ ಮುಗಿದ. ಅತಿಥಿಗಳು ಅವನ ಹೆಗಲ ಮೇಲೆ ಕೈಯಿಟ್ಟು, ಸೋತದ್ದಕ್ಕೆ ಬೇಜಾರು ಬೇಡ, ಈ ವಯಸ್ಸಿನಲ್ಲಿ ಓಡಿದ್ದೇ ದೊಡ್ಡದು ಎಂದು ಸಮಾಧಾನ ಹೇಳಿದ್ದರಂತೆ. ಏನು ಕೆಲಸ ಎಂದು ವಿಚಾರಿಸಿ, ಸೋಮವಾರ ಫೋನ್ ಮಾಡಲು ಹೇಳಿದ್ದರಂತೆ. ಗೆದ್ದವನು ಸೋತದ್ದಕ್ಕೆ ಸಮಾಧಾನ ಹೇಳಿಸಿಕೊಂಡು ಥ್ಯಾಂಕ್ಸ್ ಬೇರೆ ಹೇಳಿ ಬಂದಿದ್ದ. ಆ ಕ್ಷಣ ಅವನ ಮೇಲೂ ನನಗೆ ಸಿಟ್ಟು ಬಂತು. ನಿಖಿಲನಾದರೂ ಕಪ್ಪು ಹಿಡಿದು ಅವನ ಹತ್ತಿರ ಬಂದ, “ದಿಸ್ ಈಸ್ ಯುವರ್ಸ್, ಅಂಕಲ್,” ಎಂದ. ಸದಾನಂದ ಮುಟ್ಟಲಿಲ್ಲ. ಊಟದ ಸಾಲು ಆಗಲೇ ಬಹಳ ಉದ್ದವಾಗಿತ್ತು. ನಾನು ಆ ಬಿಸಿಬೇಳೆಬಾತಿನ ಒಂದು ಅಗುಳನ್ನೂ ಬಾಯಿಗಿಡದೆ ಕಾರಿನಲ್ಲಿ ಹೋಗಿ ಕೂತೆ.

ಸಂಜೆ ಗಿರಿಜಾ ಡ್ಯೂಟಿ ಮುಗಿಸಿ ಬಂದಳು. ನಾನೇ ಎಲ್ಲ ಹೇಳಿದೆ. ಅವಳು ಕೈಚೀಲವನ್ನು ಹೆಗಲಿಂದ ಇಳಿಸದೆ ನಿಂತೇ ಕೇಳಿಸಿಕೊಂಡಳು. ಗಂಡನನ್ನು ಬಯ್ಯುತ್ತಾಳೇನೋ ಅಂದುಕೊಂಡೆ. ಅವಳು ಹೇಳಿದ್ದು ಇಷ್ಟು: “ಸೋಮವಾರ ಫೋನ್ ಮಾಡ್ರಿ. ಆದ್ರ ಮೊದಲು ಗೆದ್ದಾಂವ ನಾನು ಅಂತ ಹೇಳ್ರಿ. ಆಮ್ಯಾಲ ಕೆಲಸ ಕೇಳ್ರಿ.”

ಭಾನುವಾರ ಮಳೆಯಲ್ಲಿ ವಾಪಸಾದೆವು. ಮಿಶಿಗನ್ ದಾಟುವವರೆಗೂ ನಾನು ಬಯ್ಯುತ್ತಲೇ ಇದ್ದೆ, ವಸುಧಾ ವೈಪರ್ ಹಾಕಿಕೊಂಡು ಡ್ರೈವ್ ಮಾಡಿದಳು. ಹೋಗುವಾಗ ಕಳೆದುಕೊಂಡ ಒಂದು ಗಂಟೆ ಬರುವಾಗ ತಿರುಗಿ ಸಿಕ್ಕಿತು.

ಸೋಮವಾರ ಸಂಜೆ ಗಿರಿಜಾ ಫೋನ್ ಮಾಡಿದಳು. ಸದಾನಂದ ಬೆಳಿಗ್ಗೆ ಆ ಸಾಹೇಬರಿಗೆ ಫೋನ್ ಮಾಡಿ, ಹೆಂಡತಿ ಎದುರಿಗೇ, ನೂರು ಮೀಟರ್ ಓಟದಲ್ಲಿ ನಿಜವಾಗಿ ಗೆದ್ದದ್ದು ನಾನೇ ಎಂದು ಹೇಳಿದನಂತೆ. ಅವರು ಕೇಳಿದರಂತೆ: “ಯಾವ ಓಟ?”

ಇವರಿಗೆ ಅವಮಾನವಾಗಬಾರದೆಂದು ಅಷ್ಟು ಜನ ಸೇರಿ ಒಬ್ಬನ ಗೆಲುವನ್ನು ನುಂಗಿದ್ದರು, ಇವರಿಗೆ ಅದು ಎರಡು ದಿನ ಕೂಡ ನೆನಪಿನಲ್ಲಿರಲಿಲ್ಲ. ಸದಾನಂದನಿಗೆ ಫೋನ್ ಕೊಡು ಎಂದೆ. ಗೆದ್ದದ್ದು ನೀವೇ, ಗೆರೆಯ ಮೇಲೆ ನಿಂತಿದ್ದವಳು ನಾನು ಎಂದು ಅವನಿಗೆ ಹೇಳಿದೆ.

“ನೋಡಿದವರು ಭಾಳ ಮಂದಿ ಇದ್ರು ಅಕ್ಕಾರ,” ಎಂದ ಅವನು. “ಹೇಳಾವರು ನೀವೊಬ್ರ. ನೀವೂ ಮೈಸೂರಿಗೆ ಹೊಂಟ್ರಿ.”

ಗುರುವಾರ ನಾನು ಷಿಕಾಗೋದಿಂದ ವಿಮಾನ ಹತ್ತಿದೆ. ಊರಿಗೆ ಬಂದ ಮೇಲೂ ಸಿಟ್ಟು ಇಳಿದಿಲ್ಲ, ಅದಕ್ಕೇ ಇದನ್ನು ಬರೆದಿದ್ದೇನೆ. ಗಂಡಸರ ನೂರು ಮೀಟರ್ ಓಟದಲ್ಲಿ ಮೊದಲು ಬಂದವನು ವಾರೆನ್ನಿನ ಸದಾನಂದ. ನಾನು ನೋಡಿದ್ದೇನೆ.