ಬೇಡವೆಂದ ಒಂದು ಸೇರು ಅಕ್ಕಿ

ನನಗೆ ಮೊದಲಿಂದಲೂ ಬಾಯಿ ಮುಂದು. ಮಾತಾಡಿಬಿಟ್ಟು ಆಮೇಲೆ ಯೋಚನೆ ಮಾಡುವವಳು. ಚರ್ಚಿನ ಸಭಾಪಾಲಕರನ್ನು ಮದುವೆಯಾಗಿ ಕೆ.ಆರ್. ನಗರ ಬಿಟ್ಟು ಕಂಪಲಾಪುರದ ಹತ್ತಿರದ ಹಳ್ಳಿಗೆ ಹೊರಟಾಗ ನಮ್ಮಮ್ಮ ಹೇಳಿದ್ದು ಒಂದೇ ಮಾತು: "ನಾಲಿಗೆ ಸ್ವಲ್ಪ ಬಿಗಿ ಹಿಡಿ." ಎಲ್ಲಿ ಹಿಡಿದೆ!

ನಮ್ಮದು ಸಣ್ಣ ಸಭೆ. ಸಂಬಳದವರು ದಶಮಾಂಶವನ್ನು ಕವರಿನಲ್ಲಿಟ್ಟು ಕಾಣಿಕೆ ಚೀಲಕ್ಕೆ ಹಾಕುತ್ತಾರೆ. ಕೂಲಿಯವರು ಹತ್ತರಲ್ಲೊಂದು ಪಾಲನ್ನು ಮನೆಯಲ್ಲಿ ಇದ್ದದ್ದರಲ್ಲೇ ತರುತ್ತಾರೆ: ಮೊಟ್ಟೆ, ಅವರೆಕಾಯಿ, ರಾಗಿ. ಅದೆಲ್ಲ ಬಂದು ಸೇರುವುದು ನಮ್ಮ ಅಡುಗೆಮನೆಗೇ. ಅವರ ಬೆವರನ್ನು ನಾವು ಕೂತು ಉಣ್ಣುತ್ತೇವಲ್ಲ ಎಂದು ನನಗೆ ಒಳಗೊಳಗೇ ನಾಚಿಕೆ.

ಸಭೆಯಲ್ಲೊಬ್ಬರು ಅಕ್ಕ ಇದ್ದಾರೆ, ಗಂಡ ತೀರಿಕೊಂಡವರು. ಹೊಗೆಸೊಪ್ಪಿನ ಎಲೆಗಳನ್ನು ಒಣಗಿಸಲು ಕಡ್ಡಿಗೆ ಕಟ್ಟುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಒಂದು ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಕೆಲಸ ನಿಂತಿತು, ಸೊಸೈಟಿ ಅಕ್ಕಿಯೊಂದೇ ಗತಿ. ಹಾಗಿದ್ದೂ ಭಾನುವಾರ ಆರಾಧನೆ ಮುಗಿದ ಮೇಲೆ ಒಂದೇ ಕೈಯಲ್ಲಿ ಪ್ಲಾಸ್ಟಿಕ್ ಕವರು ಹಿಡಿದು ನಮ್ಮ ಬಾಗಿಲಿಗೆ ಬಂದರು. ಒಂದು ಸೇರು ಅಕ್ಕಿ.

"ದಶಮಾಂಶ, ಅಮ್ನೋರೆ."

"ಅಯ್ಯೋ ಅಕ್ಕ, ನಿಮಗೇ ಗತಿಯಿಲ್ಲ, ಇದೇನಿದು! ತಗೊಂಡೋಗಿ ಬೇಯಿಸ್ಕೊಂಡು ತಿನ್ನಿ," ಅಂದೆ, ಜಗುಲಿ ತುಂಬ ಜನ ಇರುವಾಗಲೇ. ಅವರ ಮುಖ ಸಣ್ಣಗಾಯಿತು. ಕವರನ್ನು ಸೆರಗಿನಡಿ ಮುಚ್ಚಿಕೊಂಡು ಹೋದರು. ನಾನೋ, ಭಾರೀ ಪುಣ್ಯ ಕಟ್ಟಿಕೊಂಡವಳ ಹಾಗೆ ಬೀಗಿದೆ.

ಮುಂದಿನ ಭಾನುವಾರ ಅಕ್ಕ ಚರ್ಚಿಗೆ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಮೂರನೇ ವಾರವೂ ಅವರ ಜಾಗ ಖಾಲಿ ಕಂಡು ಯಜಮಾನರು ಕೇಳಿದಾಗ ನಡೆದದ್ದು ಹೇಳಿದೆ. ಅವರಿಗೆ ಸಿಟ್ಟು ಬರುವುದೇ ಅಪರೂಪ. ಕಾಫಿ ಲೋಟ ಕೆಳಗಿಟ್ಟು, "ಎಲ್ಲರ ಮುಂದೆ ಅವರನ್ನ ಭಿಕಾರಿ ಮಾಡಿ ಕಳಿಸ್ದೆಯಲ್ಲೇ," ಅಂದರು. ನನಗೂ ರೇಗಿತು. ಒಳ್ಳೇದು ಮಾಡಕ್ಕೆ ಹೋದ್ರೆ ನಂಗೇ ಬಯ್ತೀರಲ್ಲಾ ಅಂತ ಕೂಗಾಡಿದೆ. ಕೂಗಾಡಿ ಆದಮೇಲೆ ಚಪ್ಪಲಿ ಮೆಟ್ಟಿಕೊಂಡು ಅಕ್ಕನ ಮನೆಗೆ ಹೊರಟೆ.

ಅಕ್ಕ ಹೊಸ್ತಿಲ ಮೇಲೆ ನಿಂತಿದ್ದರು. ಬನ್ನಿ ಅನ್ನಲಿಲ್ಲ. ಅವರ ಹಿಂದೆ ಗೋಡೆಯ ಮೊಳೆಗೆ ಅದೇ ಕವರು ನೇತಾಡುತ್ತಿತ್ತು.

"ಇನ್ನೂ ಬೇಯಿಸಿಲ್ವಾ ಅಕ್ಕ?"

"ಎಂಗ್ ಬೇಯಿಸ್ಲಿ?"

ಈ ಕಡೆ ದವಸ ಅಳೆಯುವಾಗ ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ, 'ಲಾಭ' ಅನ್ನುತ್ತಾರೆ. ಅದು ನನಗೂ ಗೊತ್ತು. ಅಕ್ಕನ ಮನೆಯಲ್ಲಿ ಅವರಮ್ಮನ ಕಾಲದಿಂದ ಹತ್ತನೆಯದಕ್ಕೆ ಹತ್ತು ಅನ್ನುವುದಿಲ್ಲವಂತೆ, 'ಸ್ವಾಮೀದು' ಅನ್ನುತ್ತಾರಂತೆ, ಅಂದರೆ ದೇವರ ಪಾಲು.

"ಅಳೀವಾಗ ಸ್ವಾಮೀದು ಅಂದ್ಬುಟ್ಟಿವ್ನಿ. ಅಂದ್ಮೇಲೆ ಅದು ನಂದಲ್ಲ ಕಣ್ರವ್ವ. ನೀವು ಈಸ್ಕೊಳ್ಳಾಕಿಲ್ಲ, ನಾನು ಉಣ್ಣಂಗಿಲ್ಲ."

"ಮಿಕ್ಕ ಅಕ್ಕಿ?"

"ಹೋದ ಬುಧವಾರಕ್ಕೇ ಮುಗೀತು. ಪಕ್ಕದ್ಮನೇಲಿ ಒಂದೊಂದು ಮುದ್ದೆ ಕೇಳಿ ಈಸ್ಕಂಡು ತಿಂತಾವ್ನಿ."

ಯಾರ ಮುಂದೂ ಕೈಚಾಚದ ಹೆಂಗಸು! ನನ್ನ ಕರುಣೆಯ ಪ್ರತಾಪ ನೋಡಿ: ಒಂದು ಸೇರು ಅಕ್ಕಿ ಕೈಗೆಟುಕುವ ಹಾಗೇ ಇತ್ತು, ಅವರು ಪರರ ಮನೆಯ ಮುದ್ದೆಗೆ ಕಾಯುತ್ತಿದ್ದರು. ನನಗೆ ಅಲ್ಲೇ ಅಳು ಬಂದುಬಿಟ್ಟಿತು.

"ತಪ್ಪಾಯ್ತು ಅಕ್ಕ. ಕೊಡಿ, ತಗೊಂಡೋಗ್ತೀನಿ."

"ಪಾಪ ಅಂತಲಾ?"

"ಅಲ್ಲ. ನಮಗೆ ಬೇಕು. ನೀವೆಲ್ಲ ಕೊಟ್ರೇ ನಮ್ಮನೇಲಿ ಒಲೆ ಉರಿಯೋದು."

ಇದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಕ್ಕ ಹಿಂದೆ ತಿರುಗಿ, ಮೊಳೆಯಿಂದ ಕವರು ಇಳಿಸಿದರು. ಇಲಿ ಮೂಲೆ ಕಡಿದಿತ್ತು. ತೂತನ್ನು ಬೆರಳಿಂದ ಒತ್ತಿ ಹಿಡಿದರು.

"ಪಾತ್ರೆ ತಂದಿದ್ದೀರಾ?"

ಬರಿಗೈಯಲ್ಲಿ ಬಂದಿದ್ದೆ. ಅಂಗಳದಲ್ಲಿ ನಿಂತು, ಎರಡೂ ಕೈಯಲ್ಲಿ ಸೆರಗು ಒಡ್ಡಿದೆ. ಮೇಲಿನಿಂದ ಅಕ್ಕ ನಿಧಾನವಾಗಿ ಅಕ್ಕಿ ಸುರಿದರು. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತು, ಅಮ್ನೋರು ಸೆರಗೊಡ್ಡಿರುವುದನ್ನು ನೋಡತೊಡಗಿದರು. ನೋಡಲಿ ಅಂತ ಇನ್ನಷ್ಟು ಅಗಲವಾಗಿ ಒಡ್ಡಿದೆ.